ಹಣೆ, ಕಿವಿ, ಗಡ್ಡ, ತಲೆ: 1806ರ ವೆಲ್ಲೂರು ಪ್ರಕರಣ

ಮೊದಲು ಆದೇಶವನ್ನೇ ಓದಿಬಿಡೋಣ. 1806ರ ಮಾರ್ಚ್‌ನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಸೈನ್ಯಕ್ಕೆ ಹೊಸ ನಿಯಮಗಳ ಪುಸ್ತಕ ಬಂತು. ಅದರ ಹತ್ತನೇ ಕಲಮು ಹೇಳಿದ್ದು ಇಷ್ಟು: ಸಮವಸ್ತ್ರದಲ್ಲಿರುವಾಗ ದೇಶೀ ಸಿಪಾಯಿ ತನ್ನ ಜಾತಿ ತೋರಿಸುವ ಗುರುತನ್ನು ಮುಖದ ಮೇಲೆ ಹಚ್ಚಿಕೊಳ್ಳಬಾರದು. ಕಿವಿಗೆ ಓಲೆ ಹಾಕಬಾರದು. ಕವಾಯತಿಗೆ ಬಂದರೂ ಕಾವಲಿಗೆ ನಿಂತರೂ ಗಲ್ಲ ನುಣ್ಣಗೆ ಬೋಳಿಸಿರಬೇಕು. ಮೇಲ್ತುಟಿಯ ಕೂದಲು ಎಷ್ಟಿರಬೇಕು, ಯಾವ ಆಕಾರದಲ್ಲಿರಬೇಕು ಎಂಬುದರಲ್ಲೂ ಆದಷ್ಟು ಎಲ್ಲರೂ ಒಂದೇ ಥರ ಇರಬೇಕು.

ಇದಕ್ಕೂ ಕೆಲವು ತಿಂಗಳು ಮೊದಲು, 1805ರ ನವೆಂಬರ್‌ನಲ್ಲಿ, ತಲೆಗೆ ಹೊಸ ಮಾದರಿಯ ಮುಂಡಾಸು ಗೊತ್ತುಮಾಡಿದ್ದರು. ಅದಕ್ಕೊಂದು ಗರಿಯಂಥ ಕುಚ್ಚು, ಮುಂದುಗಡೆ ಚರ್ಮದ ಒಂದು ಬಿಲ್ಲೆ.

ಹಣೆ, ಕಿವಿ, ಗಡ್ಡ, ತಲೆ. ನಾಲ್ಕೇ ಜಾಗ. ಜುಲೈ 10ರ ಬೆಳಗಾಗುವ ಹೊತ್ತಿಗೆ ವೆಲ್ಲೂರು ಕೋಟೆಯೊಳಗೆ ನೂರಕ್ಕೂ ಜಾಸ್ತಿ ಬ್ರಿಟಿಷರು ಸತ್ತಿದ್ದರು. ಅದೇ ಮಧ್ಯಾಹ್ನದೊಳಗೆ ಸುಮಾರು 350 ಸಿಪಾಯಿಗಳು ಸತ್ತರು. ಒಂದು ಸಮವಸ್ತ್ರದ ಆದೇಶ ಇಲ್ಲಿಯವರೆಗೆ ಹೇಗೆ ಬಂತು ಅನ್ನುವುದೇ ಈ ಪ್ರಕರಣ.

ಶಾಲೆಯ ಪುಸ್ತಕದಲ್ಲಿ ಇದು ಒಂದು ಸಾಲಿನಲ್ಲಿ ಮುಗಿಯುತ್ತದೆ: ‘ಧಾರ್ಮಿಕ ಭಾವನೆಗೆ ಧಕ್ಕೆಯಾದ್ದರಿಂದ ದಂಗೆ ನಡೆಯಿತು.’ ಸುಳ್ಳಲ್ಲ, ಆದರೆ ಸಾಲದು. ಇಲ್ಲಿ ಧಕ್ಕೆಯಾದದ್ದು ದೇವರಿಗಿಂತ ಜಾಸ್ತಿ ನೆಂಟಸ್ತಿಕೆಗೆ, ಊಟದ ಪಂಕ್ತಿಗೆ, ಊರಿನ ಮರ್ಯಾದೆಗೆ ಎಂಬುದು ನನ್ನ ಓದು.

ಆ ನಾಲ್ಕು ಜಾಗಗಳಲ್ಲಿ ಏನಿತ್ತು

ಹಣೆಯಿಂದ ಶುರು ಮಾಡೋಣ. ವಿಭೂತಿ ಅಡ್ಡಕ್ಕೆ, ನಾಮ ಉದ್ದಕ್ಕೆ. ಅಷ್ಟು ಎಲ್ಲರಿಗೂ ಗೊತ್ತು. ಬಲ್ಲವರು ಅಷ್ಟಕ್ಕೇ ನಿಲ್ಲುವುದಿಲ್ಲ. ಶ್ರೀವೈಷ್ಣವರಲ್ಲಿ ಎರಡು ಪಂಗಡ: ನಾಮದ ಬುಡದಲ್ಲಿ ಮೂಗಿನ ಮೇಲೆ ಪಾದ ಇಳಿದಿದ್ದರೆ ತೆಂಗಲೆ, ಇಲ್ಲದಿದ್ದರೆ ವಡಗಲೆ. ವೆಲ್ಲೂರಿನಿಂದ ಹೆಚ್ಚು ದೂರವಿಲ್ಲದ ಕಾಂಚೀಪುರದಲ್ಲಿ ದೇವಸ್ಥಾನದ ಆನೆಯ ಹಣೆಗೆ ಈ ಎರಡರಲ್ಲಿ ಯಾವ ನಾಮ ಇಡಬೇಕು ಎಂಬ ಜಗಳ ಕೋರ್ಟಿನ ಮೆಟ್ಟಿಲು ಹತ್ತಿತ್ತು. ಆನೆಗೇ ಈ ಪಾಡು. ಮನುಷ್ಯನ ಹಣೆಯನ್ನು ‘ಖಾಲಿ ಬಿಡು’ ಅಂದರೆ ಅದರ ಅರ್ಥ ಏನು? ಆ ಸೀಮೆಯಲ್ಲಿ ಖಾಲಿ ಹಣೆಗೂ ಒಂದು ಅರ್ಥ ಇತ್ತು. ಮನೆಯಲ್ಲಿ ಸೂತಕವಿರಬೇಕು, ಇಲ್ಲವೇ ಅವನು ನಮ್ಮವನಲ್ಲ.

ಕಿವಿ. ಹಿಂದೂ ಗಂಡಸರ ಕಿವಿಯಲ್ಲಿ ಒಂಟಿಯೋ ಕಡಕೋ ಇರುವುದು ನಮ್ಮ ಅಜ್ಜಂದಿರ ಕಾಲದವರೆಗೂ ಸಾಮಾನ್ಯವಾಗಿತ್ತು. ಇಲ್ಲಿ ಜನ ಮರೆಯುವ ಸಂಗತಿ ಇನ್ನೊಂದಿದೆ. ಮುಸ್ಲಿಂ ಸಿಪಾಯಿಗಳಲ್ಲೂ ಕೆಲವರ ಕಿವಿಯಲ್ಲಿ ಉಂಗುರ ಇರುತ್ತಿತ್ತು. ಹುಟ್ಟಿದಾಗ ಯಾರೋ ಪೀರರ ಹೆಸರಿನಲ್ಲಿ ಹರಕೆ ಹೊತ್ತು ಮಗುವಿನ ಕಿವಿ ಚುಚ್ಚಿಸಿ ಹಾಕಿದ್ದು ಅದು. ಚಿನ್ನ ಅಂತ ಹಾಕಿದ್ದಲ್ಲ, ಕಾಪು ಅಂತ ಹಾಕಿದ್ದು. ತೆಗೆದರೆ ಏನಾಗುತ್ತದೋ ಎಂಬ ಭಯ ತಾಯಂದಿರಿಗೆ ಇದ್ದೇ ಇರುತ್ತದೆ, ಅಲ್ವಾ?

ಗಡ್ಡದ ಬಗ್ಗೆ ಜಾಸ್ತಿ ಹೇಳಬೇಕಿಲ್ಲ.

ಇನ್ನು ತಲೆ. ನಮ್ಮ ಕಡೆ ಪೇಟ, ರುಮಾಲು, ಮುಂಡಾಸು ಬೇರೆ ಬೇರೆ ಮಾತುಗಳು ಮಾತ್ರ ಅಲ್ಲ. ಬಟ್ಟೆ ಎಷ್ಟು ಮೊಳ, ಸುತ್ತು ಹೇಗೆ, ಜರಿ ಇದೆಯೋ ಇಲ್ಲವೋ ನೋಡಿ ಯಾವ ಊರಿನವನು, ಯಾವ ಕಸುಬಿನವನು, ಎಷ್ಟು ದೊಡ್ಡವನು ಎಂದು ಜನ ಅಳೆಯುತ್ತಿದ್ದರು. ತಲೆ ಮೇಲಿನದನ್ನು ತೆಗೆದು ಇನ್ನೊಬ್ಬರ ಕಾಲಬುಡದಲ್ಲಿ ಇಟ್ಟರೆ ಅದಕ್ಕಿಂತ ದೊಡ್ಡ ಶರಣಾಗತಿ ಇರಲಿಲ್ಲ.

ಹೊಸ ಮಾದರಿಯಲ್ಲಿ ಕಣ್ಣಿಗೆ ಕುಕ್ಕಿದ್ದು ಎರಡು. ಒಂದು ಆ ಚರ್ಮದ ಬಿಲ್ಲೆ. ಹಸುವಿನದೋ ಹಂದಿಯದೋ ಯಾರಿಗೆ ಗೊತ್ತು? ಎರಡೂ ಪಂಗಡಕ್ಕೆ ಒಂದೇ ಏಟಿನಲ್ಲಿ ಅನುಮಾನ. ಇನ್ನೊಂದು ಅದರ ಆಕಾರ. ಸುತ್ತಿದ ಬಟ್ಟೆಯ ಹಾಗೆ ಕಾಣುವ ಬದಲು ಅದು ಟೋಪಿಯ ಹಾಗೆ ಕಾಣುತ್ತಿತ್ತು. ಟೋಪಿ ಹಾಕುವವರು ಯಾರು? ಒಬ್ಬರು ಫಿರಂಗಿಗಳು. ಇನ್ನೊಬ್ಬರು ಪಲ್ಟಣಿನಲ್ಲಿ ಡ್ರಮ್ಮು ಬಾರಿಸುವವರು. ಡ್ರಮ್ಮಿನವರಲ್ಲಿ ಹೆಚ್ಚಿನವರು ಕ್ರೈಸ್ತರು, ಮಿಶ್ರ ಸಂತಾನದವರು.

ಅಂದರೆ ಆದೇಶ ಬರೀ ಗುರುತು ಅಳಿಸಲಿಲ್ಲ. ಅಳಿಸಿದ ಜಾಗದಲ್ಲಿ ಬೇರೆ ಗುರುತು ಹಚ್ಚಿತು. ಮದ್ರಾಸಿನ ಕಚೇರಿಯಲ್ಲಿ ಕೂತವರಿಗೆ ಇದು ಕಾಣಲಿಲ್ಲ. ಅವರ ಪಾಲಿಗೆ ಸಮವಸ್ತ್ರ ಅಂದರೆ ಯಾರ ಗುರುತೂ ಅಲ್ಲದ್ದು. ಸಿಪಾಯಿಯ ಪಾಲಿಗೆ ಅದು ಡ್ರಮ್ಮಿನವನ ಗುರುತು, ಮತ ಬಿಟ್ಟವನ ಗುರುತು.

ಒಂದು ಮಾತನ್ನು ಮುಚ್ಚಿಡುವುದು ಬೇಡ. ಈ ಸಿಟ್ಟಿನಲ್ಲಿ ತಾತ್ಸಾರವೂ ಬೆರೆತಿತ್ತು. ‘ನನ್ನ ಗುರುತು ಕಿತ್ತುಕೊಂಡರು’ ಅನ್ನುವುದರ ಜೊತೆಗೆ ‘ನನ್ನನ್ನು ಅವರ ಸಾಲಿಗೆ ಸೇರಿಸಿದರು’ ಅನ್ನುವುದೂ ಇತ್ತು. ಆ ಕಾಲದ ಮದ್ರಾಸ್ ಸೈನ್ಯದಲ್ಲಿ ದಲಿತ ಜಾತಿಗಳ ಸಿಪಾಯಿಗಳೂ ಸಾಕಷ್ಟು ಮಂದಿ ಇದ್ದರು. ಸಾಲಿನಲ್ಲಿ ನಿಂತಾಗ ಯಾರ ಹಣೆಯ ಮೇಲೂ ಏನೂ ಇಲ್ಲದಿದ್ದರೆ ಅವರಿಗೆ ಕಳೆದುಕೊಳ್ಳುವುದು ಏನಿತ್ತು? ಗುರುತು ಹೊತ್ತವರಿಗೆ ಅವಮಾನವಾದ ಆದೇಶವೇ, ಆ ಗುರುತಿನಿಂದ ದೂರ ಇಡಿಸಿಕೊಂಡವರಿಗೆ ಬೇರೆ ಥರ ಕೇಳಿಸಬಹುದು. ವೆಲ್ಲೂರನ್ನು ಬರೀ ವೀರಗಾಥೆಯಾಗಿ ಹೇಳುವವರು ಈ ಜಾಗವನ್ನು ಹಾರಿಸಿಬಿಡುತ್ತಾರೆ.

ಬರೆದಿಟ್ಟದ್ದರಿಂದ ಕೆಟ್ಟಿತು

ಸೇನಾಧಿಪತಿ ಸರ್ ಜಾನ್ ಕ್ರ್ಯಾಡಕ್. ಗವರ್ನರ್ ಲಾರ್ಡ್ ವಿಲಿಯಂ ಬೆಂಟಿಂಕ್, 1803ರಲ್ಲಿ ಮದ್ರಾಸಿಗೆ ಬಂದಾಗ ಇನ್ನೂ ಮೂವತ್ತು ತುಂಬಿರಲಿಲ್ಲ. ಸೈನ್ಯಕ್ಕೆ ಸರಿಯಾದ ಒಂದು ನಿಯಮಗಳ ಪುಸ್ತಕ ಇಲ್ಲ ಎಂದು ಕ್ರ್ಯಾಡಕ್‌ಗೆ ಬೇಸರ. ಒಂದೊಂದು ಪಲ್ಟಣಿನಲ್ಲಿ ಒಂದೊಂದು ರೂಢಿ. ಎಲ್ಲವನ್ನೂ ಒಂದು ಕಡೆ ಬರೆಸೋಣ ಎಂದ, ಸರ್ಕಾರ ಒಪ್ಪಿತು. ಹೊಸದಾಗಿ ಸೇರಿಸಿದ ವಿಷಯ ಇದ್ದರೆ ಮಾತ್ರ ಬೇರೆಯಾಗಿ ತೋರಿಸಿ ಎಂದಿತು. ಹತ್ತನೇ ಕಲಮನ್ನು ಯಾರೂ ‘ಹೊಸದು’ ಎಂದು ತೋರಿಸಲಿಲ್ಲ. ಹಾಗಾಗಿ ಮೇಲಿನವರು ಅದನ್ನು ಕಣ್ಣಿಟ್ಟು ಓದಲೂ ಇಲ್ಲ.

ಕ್ರ್ಯಾಡಕ್ ಆಮೇಲೆ ಹೇಳಿಕೊಂಡ ಸಮರ್ಥನೆ ಕುತೂಹಲದ್ದು. ಎಷ್ಟೋ ಪಲ್ಟಣುಗಳಲ್ಲಿ ಸಿಪಾಯಿಗಳು ಮೊದಲಿಂದಲೂ ಕವಾಯತಿನ ಹೊತ್ತಿಗೆ ಹಣೆ ಒರೆಸಿಕೊಂಡೇ ಬರುತ್ತಿದ್ದರು, ನಾವು ಬರೆದದ್ದು ಇದ್ದ ರೂಢಿಯನ್ನೇ ಎಂದ. ಇದು ನಿಜವೇ ಇರಬಹುದು ಎಂದು ನನಗೆ ಅನ್ನಿಸುತ್ತದೆ. ಎಡವಟ್ಟೂ ಅಲ್ಲೇ ಆದದ್ದು. ಬೆಳಿಗ್ಗೆ ಸ್ನಾನ ಮಾಡಿ ನಾಮ ಇಟ್ಟುಕೊಂಡು, ಕವಾಯತಿಗೆ ಮುಂಚೆ ತಾನೇ ಒರೆಸಿಕೊಂಡು, ವಾಪಸ್ ಬಂದು ಮತ್ತೆ ಇಟ್ಟುಕೊಂಡರೆ ಯಾರೂ ಏನೂ ಕೇಳುವುದಿಲ್ಲ. ಅದು ಅವನ ಹೊಂದಾಣಿಕೆ. ಅದನ್ನೇ ಅಚ್ಚು ಹಾಕಿಸಿ, ಸಾಲಾಗಿ ನಿಲ್ಲಿಸಿ, ಓದಿ ಹೇಳಿದರೆ ಅದು ಅಪ್ಪಣೆ. ಕಂಡೂ ಕಾಣದ ಹಾಗೆ ನಡೆಯುತ್ತಿದ್ದದ್ದು ಒಂದೇ ದಿನದಲ್ಲಿ ಒಪ್ಪುವ, ಒಪ್ಪದ ಪ್ರಶ್ನೆಯಾಯಿತು.

ಈ ಇಂಗ್ಲಿಷರ ತಲೆ ಆಗ ಹೇಗಿತ್ತು ಅನ್ನುವುದನ್ನೂ ಇಲ್ಲೇ ಹೇಳಿಬಿಡಬೇಕು. ಅವರ ಸೈನಿಕರೂ ಹಿಂದೆ ಜಡೆ ಕಟ್ಟುತ್ತಿದ್ದರು. ಆ ಜಡೆಗೆ ಸೈನ್ಯದಲ್ಲಿ ಮುಕ್ತಿ ಸಿಕ್ಕಿದ್ದು 1808ರಲ್ಲಿ. ದೊಡ್ಡ ಮನುಷ್ಯರು ಕೂದಲಿಗೆ ಬಿಳಿ ಪುಡಿ ಹಾಕುತ್ತಿದ್ದರು. ಆ ಪುಡಿಯಲ್ಲಿ ಹಿಟ್ಟೂ ಇರುತ್ತಿತ್ತು. ಗೋಧಿಗೆ ತತ್ವಾರವಾದ 1795ರಲ್ಲೇ ಅದನ್ನು ಹಾಕುವವರಿಗೆ ವರ್ಷಕ್ಕೊಂದು ಗಿನಿ ತೆರಿಗೆ ಬಂತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ನಾವು ಅನ್ನುವುದನ್ನು ಅವರು ಹಿಟ್ಟನ್ನೇ ಜುಟ್ಟಿಗೆ ಹಾಕಿ ತೋರಿಸಿದ್ದರು. ತಮ್ಮ ತಲೆ ಮೇಲಿನದು ಶಿಸ್ತು, ಬೇರೆಯವರ ತಲೆ ಮೇಲಿನದು ಮೂಢನಂಬಿಕೆ.

ಮೇ ತಿಂಗಳು: ಕೇಳಬಾರದವರನ್ನು ಕೇಳಿದ್ದು

ವೆಲ್ಲೂರು ಕೋಟೆಯಲ್ಲಿದ್ದ 4ನೇ ರೆಜಿಮೆಂಟಿನ 2ನೇ ಬೆಟಾಲಿಯನ್ ಮೇ ಮೊದಲ ವಾರದಲ್ಲೇ ಹೊಸ ಮುಂಡಾಸು ಬೇಡ ಎಂದಿತು. ಗದ್ದಲ ಮಾಡಿದ 21 ಜನರನ್ನು ಕಾವಲಿನಲ್ಲಿ ಮದ್ರಾಸಿಗೆ ಒಯ್ದರು. ಹತ್ತು ಮಂದಿ ಮುಸ್ಲಿಮರು, ಹನ್ನೊಂದು ಮಂದಿ ಹಿಂದೂಗಳು. ಇಬ್ಬರಿಗೆ, ಅದರಲ್ಲೂ ಸರಿಯಾಗಿ ಒಬ್ಬ ಮುಸ್ಲಿಂ ಒಬ್ಬ ಹಿಂದೂ, ತಲಾ 900 ಚಾವಟಿ ಏಟು, ಮೇಲಿಂದ ವಜಾ. ಉಳಿದ 19 ಜನಕ್ಕೆ 500 ಏಟು ವಿಧಿಸಿ, ತಪ್ಪಾಯಿತು ಅಂದ ಮೇಲೆ ಬಿಟ್ಟರು.

ಒಂಬೈನೂರು ಏಟು ಒಂದು ಮುಂಡಾಸಿಗೆ!

ಇದರ ಜೊತೆ ಒಂದು ವಿಚಾರಣೆಯೂ ಆಯಿತು. ಈ ಮುಂಡಾಸಿನಲ್ಲಿ ಧರ್ಮಕ್ಕೆ ವಿರುದ್ಧವಾದದ್ದು ಏನಾದರೂ ಇದೆಯೇ ಎಂದು ಅಧಿಕಾರಿಗಳು ತಿಳಿದವರನ್ನು ಕೇಳಿದರು. ಬ್ರಾಹ್ಮಣನ ಅಭಿಪ್ರಾಯ ತೆಗೆದುಕೊಂಡರು, ಸಯ್ಯದನ ಅಭಿಪ್ರಾಯ ತೆಗೆದುಕೊಂಡರು. ಆಕ್ಷೇಪಿಸುವಂಥದ್ದು ಏನೂ ಇಲ್ಲ ಎಂಬ ಉತ್ತರ ಬಂತು. ಅಲ್ಲಿಗೆ ಕಡತ ಮುಗಿಯಿತು.

ಇಡೀ ಪ್ರಕರಣದಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸುವ ಜಾಗ ಇದು. ಉತ್ತರ ಸರಿಯಾಗಿತ್ತು. ಇಂಥ ಮುಂಡಾಸು ಹಾಕಬೇಡ ಎಂದು ಯಾವ ಶಾಸ್ತ್ರದಲ್ಲಿಯೂ ಇರಲಾರದು. ಆದರೆ ಕೇಳಬೇಕಾದದ್ದು ಶಾಸ್ತ್ರವನ್ನಲ್ಲ. ಸಿಪಾಯಿಯ ಹೆಂಡತಿಯನ್ನು, ಅವನ ಮಾವನನ್ನು, ಮಗಳನ್ನು ತಂದುಕೊಳ್ಳಬೇಕಾಗಿದ್ದ ಬೀಗರನ್ನು ಕೇಳಬೇಕಿತ್ತು. ‘ಇದನ್ನು ಹಾಕಿಕೊಂಡು ಬಂದರೆ ನಿಮ್ಮ ಪಂಕ್ತಿಯಲ್ಲಿ ಎಲೆ ಹಾಕುತ್ತೀರಾ?’ ಎಂದು. ಮುಂದೆ ತನಿಖೆಯಲ್ಲಿ ಸಿಪಾಯಿಗಳು ಮತ್ತೆ ಮತ್ತೆ ಹೇಳಿದ್ದೂ ಅದನ್ನೇ. ನಮ್ಮವರು ನಮ್ಮ ಜೊತೆ ಕೂತು ಉಣ್ಣುವುದಿಲ್ಲ, ನಮ್ಮ ಮನೆಗೆ ಹೆಣ್ಣು ಕೊಡುವುದಿಲ್ಲ.

ಮದ್ರಾಸ್ ಸೈನ್ಯದ ಒಂದು ಗುಣ ಇದನ್ನು ಇನ್ನೂ ಬಿಗಿ ಮಾಡಿತ್ತು. ಬಂಗಾಳದ ಸಿಪಾಯಿ ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಬರುತ್ತಿದ್ದ. ಮದ್ರಾಸಿನ ಸಿಪಾಯಿಯ ಸಂಸಾರ ಪಲ್ಟಣಿನ ಹಿಂದೆಯೇ ಊರೂರು ತಿರುಗುತ್ತಿತ್ತು. ಬೆಳಿಗ್ಗೆ ಕವಾಯತಿನಲ್ಲಿ ಹಾಕಿದ ಟೋಪಿಯ ಸುದ್ದಿ ಮಧ್ಯಾಹ್ನದ ಊಟಕ್ಕೆ ಮುಂಚೆ ಮನೆ ಸೇರುತ್ತಿತ್ತು. ಊರಿಗೆ ಹೋದಾಗ ನೋಡಿಕೊಳ್ಳೋಣ ಎನ್ನಲು ದಾರಿಯೇ ಇರಲಿಲ್ಲ.

ಜೂನ್ ಕೊನೆಗೆ ಕ್ರ್ಯಾಡಕ್‌ಗೂ ಅಳುಕು ಬಂತು. ಹಿಂದಕ್ಕೆ ತಗೊಳ್ಳೋಣವೇ ಎಂದು ಸರ್ಕಾರಕ್ಕೆ ಬರೆದ. ಜುಲೈ 4ರಂದು ಸರ್ಕಾರ ಬೇಡ ಎಂದಿತು. ಈಗ ಹಿಂದೆ ಸರಿದರೆ ಸಿಪಾಯಿಗಳ ಮುಂದೆ ತಲೆ ತಗ್ಗಿಸಿದ ಹಾಗಾಗುತ್ತದೆ ಎಂಬ ಲೆಕ್ಕ. ಧರ್ಮಕ್ಕೆ ಕೈ ಹಾಕುವ ಉದ್ದೇಶ ನಮಗಿಲ್ಲ ಎಂಬ ಒಂದು ಪ್ರಕಟಣೆಯ ಕರಡೂ ತಯಾರಾಯಿತು. ಅದನ್ನು ಹೊರಡಿಸಲಿಲ್ಲ. ನೋಡಿ, ಎರಡೂ ಕಡೆಯವರಿಗೂ ಪ್ರಶ್ನೆ ಒಂದೇ ಆಗಿತ್ತು. ತಮ್ಮವರ ಮುಂದೆ ತಲೆ ಹೇಗೆ ಕಾಣುತ್ತದೆ?

ಕೋಟೆಯ ಒಳಗೆ ಮೈಸೂರು

ಇಷ್ಟೇ ಆಗಿದ್ದರೆ ಎಲ್ಲ ಕಂಟೋನ್ಮೆಂಟಿನಲ್ಲೂ ಸಿಡಿಯಬೇಕಿತ್ತು. ವೆಲ್ಲೂರಿನಲ್ಲೇ ಯಾಕೆ?

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸತ್ತ ಮೇಲೆ ಅವನ ಮಕ್ಕಳು ಮತ್ತು ಜನಾನಾವನ್ನು ಕಂಪನಿ ವೆಲ್ಲೂರು ಕೋಟೆಯ ಅರಮನೆಗಳಲ್ಲಿ ತಂದಿಟ್ಟಿತ್ತು. ದೊಡ್ಡ ಪಿಂಚಣಿ, ಆಳುಕಾಳು, ಎಲ್ಲ ಇತ್ತು. ಇಲ್ಲದ್ದು ಒಂದೇ, ರಾಜ್ಯ. ಅವರ ಹಿಂದೆಯೇ ಮೈಸೂರು ಸೀಮೆಯ ಸಾವಿರಾರು ಜನ ಬಂದು ಕೋಟೆಯ ಸುತ್ತ, ಪೇಟೆಯಲ್ಲಿ ನೆಲೆಸಿದ್ದರು. ಇತ್ತ ಮೈಸೂರಿನಲ್ಲಿ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರು ಗಾದಿಯ ಮೇಲೆ, ದಿವಾನ ಪೂರ್ಣಯ್ಯ ಆಡಳಿತದಲ್ಲಿ. ಅತ್ತ ವೆಲ್ಲೂರಿನಲ್ಲಿ ಹಳೆಯ ದರ್ಬಾರಿನ ಚೂರು.

ಈ ಅರಮನೆಯ ಆಳುಗಳು ಸಿಪಾಯಿಗಳನ್ನು ಆಡಿಕೊಳ್ಳುತ್ತಿದ್ದರು ಎಂದು ತನಿಖೆಯಲ್ಲಿ ಹೊರಬಂತು. ಇವತ್ತು ಟೋಪಿ, ನಾಳೆ ಜ್ಞಾನಸ್ನಾನ, ನಾಡಿದ್ದು ಸಾಹೇಬರ ಜೊತೆ ಊಟ ಎಂಬ ಧಾಟಿ. ಪೇಟೆಯಲ್ಲಿ ಇನ್ನೂ ವಿಚಿತ್ರ ಗಾಳಿಸುದ್ದಿಗಳು ಹಬ್ಬಿದ್ದವು. ಕಂಪನಿಯವರು ಉಪ್ಪಿಗೆ ಹಸುವಿನ, ಹಂದಿಯ ರಕ್ತ ಬೆರೆಸಿದ್ದಾರಂತೆ. ಊರೂರಿಗೆ ಇಗರ್ಜಿ ಕಟ್ಟುತ್ತಾರಂತೆ. ಸಿಪಾಯಿಯ ಎದೆಗೆ ಸಿಕ್ಕಿಸಿದ ಬಂದೂಕಿನ ಸಣ್ಣ ಸಲಕರಣೆಯೊಂದು ಶಿಲುಬೆಯಂತೆ. ಅದು ತಿರುಗುಮೊಳೆ ಬಿಚ್ಚುವ ಉಪಕರಣ ಅಷ್ಟೆ. ಆದರೆ ಹಣೆ ಒರೆಸಿ, ಕಿವಿ ಬರಿದು ಮಾಡಿ, ತಲೆಗೆ ಟೋಪಿ ಇಟ್ಟ ಮೇಲೆ ಎದೆ ಮೇಲೆ ಏನು ನೇತಾಡಿದರೂ ಶಿಲುಬೆಯಾಗಿಯೇ ಕಾಣುತ್ತದೆ.

ಮುಸ್ತಫಾ ಬೇಗ್ ಎಂಬ ಸಿಪಾಯಿ ಜೂನ್‌ನಲ್ಲೇ ತನ್ನ ಕರ್ನಲನ ಮನೆಗೆ ಹೋಗಿ, ಪಲ್ಟಣಿನಲ್ಲಿ ಸಂಚು ನಡೆಯುತ್ತಿದೆ ಎಂದು ಹೇಳಿದ. ಕರ್ನಲ್ ವಿಚಾರಿಸಲು ಒಪ್ಪಿಸಿದ್ದು ದೇಶೀ ಅಧಿಕಾರಿಗಳಿಗೆ. ಅವರಲ್ಲೇ ಸಂಚಿನವರಿದ್ದರು! ಇವನಿಗೆ ತಲೆ ಕೆಟ್ಟಿದೆ ಎಂದು ತೀರ್ಪು ಕೊಟ್ಟು ಬೇಡಿ ಹಾಕಿದರು. ಎಲ್ಲ ಮುಗಿದ ಮೇಲೆ ಅವನಿಗೆ ಬಹುಮಾನ ಬಂತು.

ಜುಲೈ 10

ಜುಲೈ 9ರಂದು ಟಿಪ್ಪುವಿನ ಮಗಳೊಬ್ಬಳ ಮದುವೆ. ಕೋಟೆಯೊಳಗೆ ಬರುವ ಹೋಗುವ ಜನಕ್ಕೆ ಲೆಕ್ಕವಿಲ್ಲ. ಮಧ್ಯರಾತ್ರಿ ಕಳೆದು ಎರಡು ಮೂರು ಗಂಟೆಯ ನಡುವೆ ಗುಂಡು ಶುರುವಾಯಿತು. ಬ್ರಿಟಿಷ್ 69ನೇ ರೆಜಿಮೆಂಟಿನ ಬ್ಯಾರಕ್ಕಿನ ಕಿಟಕಿ ಬಾಗಿಲುಗಳಿಂದ ಮಲಗಿದ್ದವರ ಮೇಲೆ ಗುಂಡು ಹಾರಿಸಿದರು. ಆಸ್ಪತ್ರೆಯಲ್ಲಿದ್ದ ರೋಗಿಗಳನ್ನೂ ಬಿಡಲಿಲ್ಲ. ಕೋಟೆಯ ಮುಖ್ಯಾಧಿಕಾರಿ ಕರ್ನಲ್ ಫ್ಯಾನ್ಕೋರ್ಟ್ ಸತ್ತ. ಅರಮನೆಯಿಂದ ಮೈಸೂರಿನ ಬಾವುಟ ತಂದು ಕೋಟೆಯ ಮೇಲೆ ಏರಿಸಿದರು. ಹುಲಿಪಟ್ಟೆ, ನಡುವೆ ಸೂರ್ಯ.

ಏರಿಸಿದ್ದು ಬಾವುಟ, ಮರೆತದ್ದು ಬಾಗಿಲು. ಸಿಪಾಯಿಗಳಲ್ಲಿ ಬಹಳ ಜನ ಲೂಟಿಗೆ ಇಳಿದರು. ಹೊರಗಿದ್ದ ಒಬ್ಬ ಮೇಜರ್ ಹದಿನಾರು ಮೈಲಿ ದೂರದ ಆರ್ಕಾಟಿಗೆ ಸುದ್ದಿ ಕಳಿಸಿದ. ಅಲ್ಲಿಂದ ರೋಲೋ ಗಿಲ್ಲೆಸ್ಪಿ ಎಂಬ ಬ್ರಿಟಿಷ್ ಅಧಿಕಾರಿ 19ನೇ ಡ್ರಗೂನ್ಸ್ ಕುದುರೆ ಪಡೆಯೊಂದಿಗೆ ಬಂದ, ಹಿಂದೆಯೇ ಫಿರಂಗಿಗಳು ಬಂದವು. ಗೋಡೆಯ ಮೇಲೆ ಉಳಿದಿದ್ದ ಬಿಳಿ ಸೈನಿಕರು ಇಳಿಬಿಟ್ಟ ಹಗ್ಗ ಹಿಡಿದು ಅವನೇ ಮೊದಲು ಮೇಲೆ ಹತ್ತಿದ. ಬಾಗಿಲು ಒಡೆದು ಸವಾರರು ನುಗ್ಗಿದ ಮೇಲೆ ನಡೆದದ್ದು ಕಾಳಗವಲ್ಲ. ಅರಮನೆಯೊಳಗೆ ಸಿಕ್ಕ ನೂರರಷ್ಟು ಸಿಪಾಯಿಗಳನ್ನು ಹೊರಗೆ ತಂದು, ಗೋಡೆಗೆ ನಿಲ್ಲಿಸಿ ಸುಟ್ಟರು. ವಿಚಾರಣೆ ಇಲ್ಲ. ಆಮೇಲೆ ವಿಚಾರಣೆ ನಡೆಸಿ ಶಿಕ್ಷೆ ಕೊಟ್ಟವರಲ್ಲಿ ಆರು ಜನರನ್ನು ಫಿರಂಗಿಯ ಬಾಯಿಗೆ ಕಟ್ಟಿ ಉಡಾಯಿಸಿದರು. ಉಳಿದವರಿಗೆ ನೇಣು, ಗುಂಡು, ಗಡೀಪಾರು.

ಆದೇಶ ರದ್ದಾಯಿತು. ದಿನಾಂಕ ಜುಲೈ 17. ಹದಿಮೂರು ದಿನದ ಹಿಂದೆ ಆಗುವುದಿಲ್ಲ ಎಂದಿದ್ದೇ ಈಗ ಒಂದು ಸಹಿಯಲ್ಲಿ ಆಗಿಹೋಯಿತು.

ಯಾರ ತಪ್ಪು?

ಮೇಜರ್ ಜನರಲ್ ಪೇಟರ್ ಅಧ್ಯಕ್ಷತೆಯ ತನಿಖಾ ಆಯೋಗ ಎರಡು ಕಾರಣ ಕೊಟ್ಟಿತು. ಒಂದು ವೇಷದ ಬದಲಾವಣೆ, ಇನ್ನೊಂದು ಟಿಪ್ಪುವಿನ ಮಕ್ಕಳು ಕೋಟೆಯೊಳಗೆ ಇದ್ದದ್ದು. ಅಲ್ಲಿಂದಾಚೆಗೆ ವಾದ ಇಬ್ಭಾಗವಾಯಿತು. ಮುಂಡಾಸು ಸುಮ್ನೆ ನೆಪ, ನಿಜವಾದ ಸಂಚು ಅರಮನೆಯದು ಎಂದು ಒಂದು ಕಡೆಯವರು. ಅರಮನೆಗೆ ಅಷ್ಟು ಶಕ್ತಿಯೇ ಇರಲಿಲ್ಲ, ಸಿಪಾಯಿಗಳನ್ನು ಕೆರಳಿಸಿದ್ದು ಆದೇಶವೇ ಎಂದು ಇನ್ನೊಂದು ಕಡೆಯವರು. ಈಗಲೂ ಇತಿಹಾಸ ಬರೆಯುವವರು ಈ ಎರಡರ ನಡುವೆಯೇ ಓಲಾಡುತ್ತಾರೆ.

ನೆಪ ಎನ್ನುವ ವಾದ ನನಗೆ ಒಪ್ಪಿಗೆಯಿಲ್ಲ. ಕಾರಣ ಹೈದರಾಬಾದು. ಅದೇ ಸೈನ್ಯ, ಅದೇ ಆದೇಶ, ಅಲ್ಲೂ ಅದೇ ಗೊಣಗಾಟ. ಅಲ್ಲಿಯ ಅಧಿಕಾರಿ ಲೆಫ್ಟಿನೆಂಟ್ ಕರ್ನಲ್ ಮಾಂಟ್ರೆಸರ್ ಮದ್ರಾಸಿನ ಅಪ್ಪಣೆಗೆ ಕಾಯದೆ ತನ್ನ ಜವಾಬ್ದಾರಿಯ ಮೇಲೆ ಆದೇಶವನ್ನು ತಡೆಹಿಡಿದ. ಗೊಣಗಾಟ ಇಳಿಯಿತು, ರಕ್ತ ಹರಿಯಲಿಲ್ಲ. ಹೈದರಾಬಾದಿನಲ್ಲಿ ನಿಜಾಮನ ಆಸ್ಥಾನವೇ ಇತ್ತು. ಪಿತೂರಿಗೆ ವೆಲ್ಲೂರಿಗಿಂತ ಅಲ್ಲಿ ಅವಕಾಶ ಜಾಸ್ತಿಯೇ ಹೊರತು ಕಡಿಮೆಯಲ್ಲ. ವೇಷದ ಸಿಟ್ಟು ಇಳಿದ ಮೇಲೆ ಪಿತೂರಿಗೆ ಹಿಡಿಯಲು ಏನೂ ಸಿಗಲಿಲ್ಲ.

ಹಾಗೆಂದು ಅರಮನೆಯನ್ನು ಪೂರ್ತಿ ಬಿಟ್ಟುಬಿಡುವುದೂ ಸರಿಯಲ್ಲ. ಸಿಪಾಯಿಯ ಗುರುತನ್ನು ಕಂಪನಿ ಕಿತ್ತುಕೊಂಡಾಗ, ಅವನು ಹಿಡಿಯಲು ಇನ್ನೊಂದು ಗುರುತು, ಒಂದು ಬಾವುಟ, ಅಲ್ಲೇ ಕೈಗೆಟುಕುವಂತೆ ಇತ್ತು. ಅಲ್ಲಿದ್ದ ಬಹಳ ಸಿಪಾಯಿಗಳು ತಮಿಳು ಸೀಮೆಯವರು. ಟಿಪ್ಪುವಿನ ವಿರುದ್ಧ ಶ್ರೀರಂಗಪಟ್ಟಣದವರೆಗೂ ನಡೆದು ಹೋದದ್ದು ಇದೇ ಮದ್ರಾಸ್ ಸೈನ್ಯ. ಏಳು ವರ್ಷದ ಮೇಲೆ ಅವನ ಬಾವುಟವನ್ನೇ ಏರಿಸಿದರೆಂದರೆ ಅದು ಮೈಸೂರಿನ ಮೇಲಿನ ಪ್ರೀತಿಗಿಂತ ಕಂಪನಿಯ ಮೇಲಿನ ಸಿಟ್ಟು.

ಕಂಪನಿ ತನ್ನ ಲೆಕ್ಕ ಚುಕ್ತಾ ಮಾಡಿತು. ಟಿಪ್ಪುವಿನ ಮಕ್ಕಳನ್ನು ಕಲ್ಕತ್ತೆಗೆ ಸಾಗಿಸಿತು. ಅಲ್ಲಿನ ಧರ್ಮತಲಾದ ಮಸೀದಿಯನ್ನು 1842ರಲ್ಲಿ ಕಟ್ಟಿಸಿದ ಗುಲಾಂ ಮಹಮ್ಮದ್ ಅವರಲ್ಲೊಬ್ಬ. ದಂಗೆಯ ಪಲ್ಟಣುಗಳನ್ನು ಸೈನ್ಯದ ಪಟ್ಟಿಯಿಂದಲೇ ತೆಗೆದುಹಾಕಿತು. ಬೆಂಟಿಂಕ್, ಕ್ರ್ಯಾಡಕ್ ಇಬ್ಬರನ್ನೂ 1807ರಲ್ಲಿ ಲಂಡನ್ನಿನ ನಿರ್ದೇಶಕರು ವಾಪಸ್ ಕರೆಸಿಕೊಂಡರು.

ದಂಗೆಯ ಬಿಸಿ ನಮ್ಮ ಕಡೆಗೂ ತಟ್ಟಿತ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ ನಂದಿದುರ್ಗದ ಸಿಪಾಯಿಗಳು ಸಂಚು ಮಾಡುತ್ತಿದ್ದಾರೆಂಬ ಸುಳಿವು ಸಿಕ್ಕಿ ಬೆಂಗಳೂರಿನಿಂದ ಪಡೆ ಓಡಿತು. ಆ ಹೊತ್ತಿಗೆ ಆದೇಶ ಸತ್ತು ಮೂರು ತಿಂಗಳಾಗಿತ್ತು. ಆದರೆ ‘ನಮ್ಮನ್ನು ಕೆಡಿಸಲು ಬಂದಿದ್ದಾರೆ’ ಎಂಬ ಅನುಮಾನವನ್ನು ಯಾವ ಸಹಿ ರದ್ದು ಮಾಡುತ್ತದೆ? ಪಾಳಯಂಕೋಟೆಯಲ್ಲಿ ನವೆಂಬರ್‌ನಲ್ಲಿ ಒಬ್ಬ ಅಧಿಕಾರಿ ಗಾಬರಿ ಬಿದ್ದು ತನ್ನ ಪಲ್ಟಣಿನ ಮುಸ್ಲಿಂ ಸಿಪಾಯಿಗಳ ಕೈಯಿಂದ ಬಂದೂಕು ಕಿತ್ತುಕೊಂಡು ಕೋಟೆಯಿಂದ ಹೊರಗೆ ಹಾಕಿದ. ಅನುಮಾನ ಈಗ ಎರಡೂ ಕಡೆ ಬೇರು ಬಿಟ್ಟಿತ್ತು.

ಬೆಂಟಿಂಕ್ ಹೆಸರು ಕನ್ನಡಿಗರಿಗೆ ಇನ್ನೊಂದು ಕಡೆ ಪರಿಚಯ. ಅವಮಾನದಿಂದ ಮದ್ರಾಸ್ ಬಿಟ್ಟವನು 1828ರಲ್ಲಿ ಗವರ್ನರ್ ಜನರಲ್ ಆಗಿ ವಾಪಸ್ ಬಂದ. ಮಲೆನಾಡಿನ ನಗರ ಸೀಮೆಯ ರೈತ ಬಂಡಾಯದ ನೆಪ ಹಿಡಿದು 1831ರಲ್ಲಿ ಮುಮ್ಮಡಿಯವರ ಕೈಯಿಂದ ಮೈಸೂರಿನ ಆಡಳಿತ ಕಿತ್ತುಕೊಂಡವನು ಇವನೇ. ಅದಕ್ಕೆ ಎರಡು ವರ್ಷ ಮೊದಲು, ಸತಿ ಪದ್ಧತಿ ನಿಲ್ಲಿಸುವಾಗ, ಅವನು ಮೊದಲು ಮಾಡಿದ ಕೆಲಸಗಳಲ್ಲಿ ಒಂದು, ಇದರಿಂದ ಸಿಪಾಯಿಗಳು ಕೆರಳುತ್ತಾರೆಯೇ ಎಂದು ಸೈನ್ಯದ ಅಧಿಕಾರಿಗಳನ್ನು ಗುಟ್ಟಾಗಿ ವಿಚಾರಿಸಿದ್ದು. ಬಿಸಿ ಹಾಲು ಕುಡಿದ ಬಾಯಿ.

ಆಮೇಲೆ ಸೈನ್ಯ ತಿರುಗಿ ನಿಂತ ಬಗೆ

ವೆಲ್ಲೂರಿನಿಂದ ಕಲಿತದ್ದು ಸಾಲಲಿಲ್ಲ ಅನ್ನುವುದಕ್ಕೆ 1857ರ ಕೊಬ್ಬು ಹಚ್ಚಿದ ತೋಟಾಗಳೇ ಸಾಕ್ಷಿ. ಮತ್ತೆ ಹಸು, ಮತ್ತೆ ಹಂದಿ, ಈ ಸಲ ತಲೆಯ ಬದಲು ಬಾಯಿ.

1857ರ ನಂತರ ಇಂಗ್ಲಿಷರ ನೀತಿ ಪೂರ್ತಿ ಉಲ್ಟಾ ಆಯಿತು. ಗುರುತು ಅಳಿಸುವುದರ ಬದಲು ಗುರುತಿನ ಮೇಲೇ ಸೈನ್ಯ ಕಟ್ಟಿದರು. ಒಂದು ರೆಜಿಮೆಂಟಿನೊಳಗೆ ಸಿಖ್ಖರ ಕಂಪನಿ ಬೇರೆ, ಪಂಜಾಬಿ ಮುಸ್ಲಿಮರದ್ದು ಬೇರೆ, ಡೋಗ್ರಾಗಳದ್ದು ಬೇರೆ. ಒಂದೊಂದು ವರ್ಗಕ್ಕೂ ಪಗಡಿಯ ಕಟ್ಟು ಬೇರೆ. ಬಟ್ಟೆಯ ಬಣ್ಣ, ಸುತ್ತಿನ ಕೋನ, ನಡುವಿನ ಕುಲ್ಲಾ (ಪಗಡಿಯೊಳಗಿನ ಚೂಪು ಟೋಪಿ) ಹೇಗಿರಬೇಕು ಎಂಬುದನ್ನೆಲ್ಲ ಪಲ್ಟಣೇ ಗೊತ್ತುಮಾಡುತ್ತಿತ್ತು. ಸಾಲನ್ನು ದೂರದಿಂದ ನೋಡಿದರೆ ಸಾಕು, ಯಾರು ಯಾವ ಜಾತಿ ಎಂದು ಅಧಿಕಾರಿಗೆ ಗೊತ್ತಾಗುತ್ತಿತ್ತು.

ಸಿಖ್ ರೆಜಿಮೆಂಟುಗಳಲ್ಲಂತೂ ಸೇರುವವನು ಖಾಲ್ಸಾ ದೀಕ್ಷೆ ಪಡೆದಿರಬೇಕಿತ್ತು, ಕೂದಲು ಗಡ್ಡ ಕತ್ತರಿಸುವ ಹಾಗಿರಲಿಲ್ಲ. ಊರಿನಲ್ಲಿ ಅಷ್ಟೇನೂ ಕಟ್ಟುನಿಟ್ಟಾಗಿ ಇರದ ಹುಡುಗನೂ ಪಲ್ಟಣಿಗೆ ಬಂದ ಮೇಲೆ ಕತ್ತರಿಸದ ಕೂದಲು, ಬಾಚಣಿಗೆ, ಕಡಗ, ಕಿರ್ಪಾನು, ಚಡ್ಡಿ ಎಂಬ ಖಾಲ್ಸಾದ ಐದೂ ಗುರುತುಗಳನ್ನು ತಪ್ಪದೆ ಧರಿಸಬೇಕಿತ್ತು. ಮದ್ರಾಸಿನಲ್ಲಿ ಗಲ್ಲ ಬೋಳಿಸು ಎಂದು ಚಾವಟಿ ಹಿಡಿದಿದ್ದ ಸರ್ಕಾರವೇ ಪಂಜಾಬಿನಲ್ಲಿ ಗಡ್ಡ ಬಿಡದವನನ್ನು ಶಿಕ್ಷಿಸುತ್ತಿತ್ತು. ಎರಡೂ ಕಡೆ ಕಲಮು ಬರೆದವರು ಅವರೇ. ಯಾವ ಗುರುತು ಇರಬೇಕು, ಯಾವುದು ಇರಬಾರದು ಎಂದು ಅದನ್ನು ಹೊತ್ತವನನ್ನು 1806ರಲ್ಲೂ ಯಾರೂ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ.